ಇಪ್ಪತ್ತೊಂದು ದಿನಗಳ ಕಾವು

ಕಬಿನಿ ಹೊಳೆಯ ಈಚೆಯ ದಡದಲ್ಲಿ ಪೆರಿಕಲ್ಲೂರು, ಆಚೆಯ ದಡದಲ್ಲಿ ಬೈರಕುಪ್ಪೆ. ಈಚೆಯದು ಕೇರಳದ ವಯನಾಡು ಜಿಲ್ಲೆ, ಆಚೆಯದು ಕರ್ನಾಟಕದ ಮೈಸೂರು ಜಿಲ್ಲೆ. ನಡುವಣ ನೀರನ್ನು ದೋಣಿಯಲ್ಲಿ ದಾಟುವುದಕ್ಕೆ ಒಂದು ಎಲೆ ಅಡಕೆ ಮೆಲ್ಲುವಷ್ಟು ಹೊತ್ತು ಸಾಕು. ಸೇತುವೆಯ ಮಾತನ್ನು ನಾವು ಈ ಊರಿಗೆ ಬಂದಂದಿನಿಂದಲೂ ಕೇಳುತ್ತಲೇ ಇದ್ದೇವೆ. ಅದು ಬೇರೊಂದು ಲೇಖನಕ್ಕೆ ಆಗುವ ವಿಷಯ. ಇಲ್ಲಿ ಹೇಳಹೊರಟಿರುವುದು ಆ ದೋಣಿಯಲ್ಲಿ ಭತ್ತದ ಹೊಟ್ಟಿನ ನಡುವೆ ಕುಳಿತು ಈಚೆಗೆ ಬಂದ ಕೆಲವು ಮೊಟ್ಟೆಗಳ ವೃತ್ತಾಂತವನ್ನು.

ನಮ್ಮ ಅತ್ತೆಯವರು ಮದುವೆಯಾಗಿ ಈ ಮನೆಗೆ ಬರುವಾಗ ತವರಿನಿಂದ ಒಂದು ಕುಕ್ಕೆಯಲ್ಲಿ ಎರಡು ಹೇಂಟೆಗಳನ್ನೂ ಒಂದು ಹುಂಜವನ್ನೂ ತಂದಿದ್ದರಂತೆ. ಕಂದು ಮೈಯ, ಕತ್ತಿನಲ್ಲಿ ಕರಿ ಚುಕ್ಕೆಗಳಿರುವ, ಹಳದಿ ಕಾಲಿನ ನಾಟಿ ಕೋಳಿಗಳು. ಅಂದಿನಿಂದ ಈ ಮನೆಯ ಅಂಗಳದಲ್ಲಿ ಆ ಸಂತತಿ ತಪ್ಪಿದ್ದಿಲ್ಲ. ಪುಲ್ಪಳ್ಳಿಯ ಕಡೆ ಕಾಳುಮೆಣಸಿನ ಬಳ್ಳಿಗಳು ರೋಗಕ್ಕೆ ಸಿಕ್ಕಿ ಒಣಗಿ, ಒಂದೊಂದು ಮನೆಯೂ ಸಾಲದಲ್ಲಿ ಸಿಲುಕಿದ ವರ್ಷಗಳಲ್ಲಿ ಮಕ್ಕಳ ಪುಸ್ತಕ, ಬಸ್ಸಿನ ಚಾರ್ಜು ಇಂಥ ಸಣ್ಣ ಖರ್ಚುಗಳೆಲ್ಲ ಮೊಟ್ಟೆಯ ಕಾಸಿನಿಂದಲೇ ನಡೆದುವು. ಆದುದರಿಂದ ಕೋಳಿ ಎಂದರೆ ನಮಗೆ ಬರಿಯ ಸಾರಿನ ಮಾತಲ್ಲ.

ಎರಡು ವರ್ಷಗಳ ಹಿಂದಿನ ಬೇಸಿಗೆಯಲ್ಲಿ ಕೊಕ್ಕರೆ ರೋಗ ಬಂದಿತು. ಪುಸ್ತಕಗಳಲ್ಲಿ ಇದಕ್ಕೆ ರಾಣಿಖೇತ್ ರೋಗವೆಂದು ಹೆಸರು. ಮೊದಲ ದಿನ ಒಂದು ಹೇಂಟೆ ರೆಕ್ಕೆ ಇಳಿಬಿಟ್ಟು ತೂಕಡಿಸಿತು. ಮರುದಿನ ಹಸಿರು ಬಣ್ಣದ ಭೇದಿ, ಬಾಯಿ ತೆರೆದು ಉಸಿರಾಡುವುದು. ಕೆಲವಕ್ಕೆ ಕತ್ತು ತಿರುಚಿಕೊಂಡಿತು. ಎಂಟು ದಿನಗಳಲ್ಲಿ ಹತ್ತೊಂಬತ್ತು ಕೋಳಿಗಳೂ ಹೋದುವು. ಲಸಿಕೆ ಹಾಕಿಸಿರಲಿಲ್ಲ. ಸೀಸೆಯೊಂದರಲ್ಲಿ ನೂರು ಕೋಳಿಗಳಿಗೆ ಆಗುವಷ್ಟು ಮದ್ದು ಇರುತ್ತದೆ, ನಮ್ಮ ಹತ್ತೊಂಬತ್ತಕ್ಕಾಗಿ ಏಕೆ ಒಂದು ಸೀಸೆ ಒಡೆಯಬೇಕು ಎಂದು ಮುಂದೂಡಿದ್ದೆವು. ತಪ್ಪು ನಮ್ಮದೇ. ಅತ್ತೆಯವರು ಬಯ್ಯಲಿಲ್ಲ. ಬರಿದಾದ ಗೂಡಿನ ಬಾಗಿಲನ್ನು ಪ್ರತಿ ಸಂಜೆಯೂ ರೂಢಿಯಂತೆ ಹೋಗಿ ಮುಚ್ಚುತ್ತಿದ್ದರು, ಅಷ್ಟೆ. ಬಯ್ದಿದ್ದರೆ ಒಳ್ಳೆಯದಿತ್ತು.

ಅದೃಷ್ಟವಶಾತ್, ಬೈರಕುಪ್ಪೆಯಲ್ಲಿರುವ ನಮ್ಮ ನಾದಿನಿಗೆ ಅದೇ ಸಂತತಿಯ ಮರಿಗಳನ್ನು ಹಿಂದೆ ಕೊಟ್ಟಿದ್ದೆವು. ಅವಳ ಬಳಿ ಮೂರು ಹೇಂಟೆಗಳೂ ಒಂದು ಹುಂಜವೂ ಉಳಿದಿದ್ದುವು. ದೊಡ್ಡ ಕೋಳಿಯನ್ನೇ ತರಬಹುದಾಗಿತ್ತು. ಆದರೆ ರೋಗ ಬಂದುಹೋದ ಅಂಗಳಕ್ಕೆ ಲಸಿಕೆಯಿಲ್ಲದ ಕೋಳಿಯನ್ನು ತಂದರೆ ಮತ್ತೆ ಕಳೆದುಕೊಳ್ಳುವುದೇ ಸೈ. ಮೊಟ್ಟೆಯನ್ನು ತಂದು ಮರಿ ಮಾಡಿ, ಮರಿಗೆ ಲಸಿಕೆ ಹಾಕಿ ಬೆಳೆಸುವುದೇ ಮೇಲೆಂದು ತೋರಿತು. ಹೇಗೂ ಮರಿ ಹೊರಬರಲು ಮೂರು ವಾರ ಬೇಕು; ಅಷ್ಟರಲ್ಲಿ ಗೂಡಿಗೆ ಸುಣ್ಣ ಬಳಿದು, ಬಿಸಿಲಿಗೆ ಬಿಟ್ಟು, ಶುದ್ಧ ಮಾಡಿಕೊಳ್ಳಬಹುದು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಅಂಗಡಿಯಿಂದ ತಂದ ಮೊಟ್ಟೆಗೆ ಕಾವು ಕೊಟ್ಟರೆ ಮರಿಯಾಗುವುದಿಲ್ಲವೇಕೆಂದು ಅನೇಕ ಮಕ್ಕಳು ಕೇಳುವುದುಂಟು. ಫಾರಂಗಳಲ್ಲಿ ಮೊಟ್ಟೆಯಿಡುವ ಕೋಳಿಗಳ ಜೊತೆಗೆ ಹುಂಜ ಇರುವುದಿಲ್ಲ. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆಯಿಡುತ್ತದೆ; ಆದರೆ ಅದು ಗೊಡ್ಡು ಮೊಟ್ಟೆ. ಹುಂಜನೊಡನೆ ಒಮ್ಮೆ ಕೂಡಿದ ಹೇಂಟೆ ಹತ್ತು ಹದಿನೈದು ದಿನಗಳವರೆಗೂ ಫಲವುಳ್ಳ ಮೊಟ್ಟೆಯನ್ನು ಇಡಬಲ್ಲುದು. ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಇನ್ನೊಂದು ವಿಚಾರ: ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರು ರೂಪಿಸಿದ ಗಿರಿರಾಜ, ಕೇರಳದ ಮಣ್ಣುತ್ತಿಯಲ್ಲಿ ರೂಪುಗೊಂಡ ಗ್ರಾಮಶ್ರೀ ಮುಂತಾದ ಸುಧಾರಿತ ಕೋಳಿಗಳು ಮೊಟ್ಟೆಯನ್ನೇನೋ ಹೆಚ್ಚು ಇಡುತ್ತವೆ, ಆದರೆ ಕಾವಿಗೆ ಕೂರುವ ಗುಣ ಅವುಗಳಲ್ಲಿ ಬಹುಮಟ್ಟಿಗೆ ಕಳೆದುಹೋಗಿರುತ್ತದೆ. ಮೊಟ್ಟೆ ಹೆಚ್ಚಬೇಕಾದರೆ ತಾಯ್ತನ ಕಡಿಮೆಯಾಗಬೇಕು, ಏಕೆಂದರೆ ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದನ್ನು ನಿಲ್ಲಿಸಿಬಿಡುತ್ತದೆ. ನಾಟಿ ಕೋಳಿ ವರ್ಷಕ್ಕೆ ಇಡುವುದು ಸ್ವಲ್ಪವೇ ಆದರೂ ತನ್ನ ಮರಿಗಳನ್ನು ತಾನೇ ಮಾಡಿಕೊಳ್ಳುತ್ತದೆ.

ಮೊದಲ ಸಲ ಆಷಾಢದಲ್ಲಿ ನಾದಿನಿ ಹದಿನೈದು ಮೊಟ್ಟೆಗಳನ್ನು ಕಳುಹಿಸಿದಳು. ಬೆಸವಾಗಿ ಇಡಬೇಕೆಂಬುದು ಹಿರಿಯರ ಪದ್ಧತಿ: ಒಂಬತ್ತು, ಹನ್ನೊಂದು, ಹದಿಮೂರು, ಹೀಗೆ. ಆ ಸಮಯಕ್ಕೆ ಕಾವಿಗೆ ಕೂತ ಕೋಳಿ ನೆರೆಹೊರೆಯಲ್ಲೆಲ್ಲೂ ಸಿಗಲಿಲ್ಲ. ಆದ್ದರಿಂದ ಮೀನಿನ ಅಂಗಡಿಯಿಂದ ದಪ್ಪ ಥರ್ಮೊಕೋಲಿನ ಪೆಟ್ಟಿಗೆಯೊಂದನ್ನು ತಂದು, ತೊಳೆದು ಒಣಗಿಸಿ, ಅದರಲ್ಲಿ ಬಲ್ಬು ಹಾಕಿ ಕಾವು ಕೊಡುವುದೆಂದು ನಿಶ್ಚಯಿಸಿದೆವು. ಹಳೆಯ ತಂತಿಬಲ್ಬು ಈಗ ಸುಲಭವಾಗಿ ಸಿಗುವ ವಸ್ತುವಲ್ಲ. ಎಲ್.ಇ.ಡಿ. ದೀಪ ಬೆಳಕು ಕೊಡುತ್ತದೆಯೇ ಹೊರತು ಬೇಕಾದಷ್ಟು ಕಾವನ್ನು ಕೊಡುವುದಿಲ್ಲ. ಹುಡುಕಾಡಿ 40 ವ್ಯಾಟಿನ ಎರಡು ಬಲ್ಬುಗಳನ್ನು ಸಂಪಾದಿಸಿ, ಒಂದನ್ನು ಹಚ್ಚಿ, ಒಂದನ್ನು ಆಪತ್ತಿಗೆಂದು ಇಟ್ಟುಕೊಂಡೆವು. ಶಾಖ ಹೆಚ್ಚಾದಾಗ ತಾನೇ ಆರಿ, ಕಡಿಮೆಯಾದಾಗ ತಾನೇ ಹೊತ್ತಿಕೊಳ್ಳುವಂತೆ ಮಾಡುವ ಸಣ್ಣದೊಂದು ನಿಯಂತ್ರಕವನ್ನು ಮಗ ಜೋಡಿಸಿಕೊಟ್ಟನು.

ಅತ್ತೆಯವರು ಪೆಟ್ಟಿಗೆಯನ್ನು ನೋಡಿ, “ಕಾವೇನೋ ಕೊಡ್ತದೆ ಸರಿ. ಈ ಬಲ್ಬು ಮರೀನ ಕರೀತದಾ?” ಎಂದರು. ಆಗ ನಕ್ಕುಬಿಟ್ಟೆವು.

ಮನುಷ್ಯನು ಕೋಳಿಯ ಕೆಲಸವನ್ನು ತಾನು ಮಾಡಲು ಹೊರಟದ್ದು ಇಂದು ನಿನ್ನೆಯದಲ್ಲ. ಪುರಾತನ ಈಜಿಪ್ಟಿನವರು ಇಟ್ಟಿಗೆಯ ಒಲೆಮನೆಗಳನ್ನು ಕಟ್ಟಿ, ಸಗಣಿ, ಹುಲ್ಲುಗಳನ್ನು ಉರಿಸಿ ಒಮ್ಮೆಗೇ ಸಾವಿರಾರು ಮರಿಗಳನ್ನು ಮಾಡುತ್ತಿದ್ದರು. ಉಷ್ಣಮಾಪಕವಿಲ್ಲದ ಆ ಕಾಲದಲ್ಲಿ ಅಲ್ಲಿನ ಕೆಲಸಗಾರರು ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿ ಕಾವನ್ನು ಅಳೆಯುತ್ತಿದ್ದರಂತೆ. ಮೈಯ ಚರ್ಮದಲ್ಲಿ ಅಷ್ಟು ಸೂಕ್ಷ್ಮವಾದ ಭಾಗ ಬೇರೆ ಕಡಿಮೆ. ಫ್ರಾನ್ಸಿನ ವಿಜ್ಞಾನಿ ರೆಯೋಮೂರ್ ಈ ವಿದ್ಯೆಯನ್ನು ಕುರಿತು 1749ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದನು. ಇನ್ನೂ ಹಿಂದಕ್ಕೆ ಹೋದರೆ, ಗ್ರೀಸಿನ ಅರಿಸ್ಟಾಟಲನು ಕಾವಿಗಿಟ್ಟ ಮೊಟ್ಟೆಗಳು ಒಳಗೆ ದಿನದಿನವೂ ಹೇಗೆ ಬದಲಾಗುತ್ತವೆಂಬುದನ್ನು ನೋಡಿ ಬರೆದಿಟ್ಟಿದ್ದಾನೆ. ಮೂರು ದಿನ ಕಳೆದ ಮೇಲೆ ಬಿಳಿಯ ಭಾಗದಲ್ಲಿ ರಕ್ತದ ಚುಕ್ಕೆಯಂತೆ ಹೃದಯವು ತೋರಿ, ಮಿಡಿಯುತ್ತದೆ ಎಂದು ಅವನ ಮಾತು.

ಕೋಳಿಯ ಮೈಶಾಖ ಸುಮಾರು 41 ಡಿಗ್ರಿ. ಅದರ ಹೊಟ್ಟೆಯ ಕೆಳಗಿನ ಮೊಟ್ಟೆಗೆ ತಗಲುವುದು ಅದಕ್ಕಿಂತ ಕಡಿಮೆ. ಒಳಗೆ ಗಾಳಿಯಾಡಿಸುವ ಫ್ಯಾನು ಇರುವ ಯಂತ್ರವಾದರೆ 37.5 ಡಿಗ್ರಿ ಇಡಬೇಕು. ನಮ್ಮದರಂತೆ ಫ್ಯಾನಿಲ್ಲದ ಪೆಟ್ಟಿಗೆಯಲ್ಲಿ ಬಿಸಿಗಾಳಿ ಮೇಲಕ್ಕೂ ತಣ್ಣನೆಯದು ಕೆಳಕ್ಕೂ ನಿಲ್ಲುವುದರಿಂದ, ಮೊಟ್ಟೆಯ ಮೇಲ್ಭಾಗದ ಮಟ್ಟದಲ್ಲಿ ಅಳೆದಾಗ 38.5ರ ಆಸುಪಾಸಿನಲ್ಲಿರಬೇಕು. ಉಷ್ಣಮಾಪಕವನ್ನು ಎಲ್ಲಿ ಇಡುತ್ತೇವೆಂಬುದರಲ್ಲೇ ಅರ್ಧ ಯಶಸ್ಸು ಅಡಗಿದೆ. ಅರ್ಧ ಡಿಗ್ರಿ ಕಡಿಮೆಯಾದರೆ ಮರಿ ತಡವಾಗಿ ಬಂದೀತು. ಎರಡು ಮೂರು ಡಿಗ್ರಿ ಹೆಚ್ಚಾದರೆ ಕೆಲವೇ ಗಂಟೆಗಳಲ್ಲಿ ಸತ್ತೇಹೋಗಬಹುದು. ತಂಪಿಗಿಂತ ಬಿಸಿಯೇ ದೊಡ್ಡ ಶತ್ರು.

ದೋಣಿಯಲ್ಲಿ ಕುಲುಕಾಡಿ ಬಂದ ಮೊಟ್ಟೆಗಳನ್ನು ಒಂದು ಹಗಲು ಒಂದು ರಾತ್ರಿ ಚೂಪು ತುದಿ ಕೆಳಗಾಗಿ ಸುಮ್ಮನೆ ಇಟ್ಟೆವು. ದಪ್ಪ ತುದಿಯಲ್ಲಿ ಗಾಳಿಯ ಚಿಕ್ಕ ಕೋಣೆಯೊಂದಿರುತ್ತದೆ, ಅದು ನೆಲೆಗೊಳ್ಳಬೇಕು. ತೊಳೆಯಲಿಲ್ಲ. ಚಿಪ್ಪಿನ ಮೇಲೆ ಕಣ್ಣಿಗೆ ಕಾಣದ ತೆಳುಪೊರೆಯೊಂದು ಇದ್ದು ರೋಗಾಣುಗಳನ್ನು ತಡೆಯುತ್ತದೆ. ತೊಳೆದರೆ ಅದು ಹೋಗಿಬಿಡುತ್ತದೆ. ಒಂದು ಪಕ್ಕಕ್ಕೆ ಪೆನ್ಸಿಲಿನಿಂದ ಗುಣಿಸುವ ಗುರುತು, ಇನ್ನೊಂದು ಪಕ್ಕಕ್ಕೆ ಸೊನ್ನೆ ಬರೆದು, ದಿನಕ್ಕೆ ಮೂರು ಸಲ ಹೊರಳಿಸಿದೆವು. ಮೂರು ಎಂಬ ಬೆಸಸಂಖ್ಯೆಗೆ ಕಾರಣವುಂಟು: ರಾತ್ರಿಯ ದೀರ್ಘಕಾಲ ಮೊಟ್ಟೆ ಒಂದೇ ಪಕ್ಕದಲ್ಲಿರುವುದರಿಂದ ಇಂದು ಗುಣಿಸು ಮೇಲಾದರೆ ನಾಳೆ ಸೊನ್ನೆ ಮೇಲಾಗುತ್ತದೆ. ಹೊರಳಿಸದಿದ್ದರೆ ಬೆಳೆಯುವ ಪಿಂಡ ಪೊರೆಗೆ ಅಂಟಿಕೊಳ್ಳುತ್ತದೆ. ಕಾವಿಗೆ ಕೂತ ಹೇಂಟೆ ಇದನ್ನು ಯಾರೂ ಹೇಳಿಕೊಡದೆ ಕೊಕ್ಕಿನಿಂದ ಹಗಲಿರುಳೂ ಮಾಡುತ್ತಿರುತ್ತದೆ.

ಏಳನೆಯ ರಾತ್ರಿ ದೀಪ ಆರಿಸಿ, ಟಾರ್ಚಿನ ಮುಖಕ್ಕೆ ತೂತು ಮಾಡಿದ ರಟ್ಟನ್ನು ಹಿಡಿದು, ಒಂದೊಂದೇ ಮೊಟ್ಟೆಯನ್ನು ಅದರ ಮೇಲಿಟ್ಟು ನೋಡಿದೆವು. ಫಲವಾದುದರಲ್ಲಿ ಜೇಡರ ಬಲೆಯಂತೆ ಕೆಂಪು ನರಗಳು, ನಡುವೆ ಕಪ್ಪು ಚುಕ್ಕೆ. ಆ ಚುಕ್ಕೆ ಅಲುಗುವುದನ್ನು ಕಂಡು ಅತ್ತೆಯವರು ಮೂಗಿನ ಮೇಲೆ ಬೆರಳಿಟ್ಟರು. ಎಂಬತ್ತು ವರ್ಷ ಕೋಳಿಗಳ ನಡುವೆ ಬಾಳಿದ್ದರೂ ಮೊಟ್ಟೆಯ ಒಳಗನ್ನು ಅವರು ನೋಡಿದ್ದು ಅದೇ ಮೊದಲು. ಮೂರು ಮೊಟ್ಟೆಗಳು ತಿಳಿಯಾಗಿ ಹೊಳೆದುವು, ಗೊಡ್ಡು. ಹದಿನಾಲ್ಕನೆಯ ದಿನ ನೋಡಿದಾಗ ಇನ್ನೊಂದರಲ್ಲಿ ಕೆಂಪು ಬಳೆಯೊಂದೇ ಉಳಿದಿತ್ತು. ಅದು ಸತ್ತುದರ ಗುರುತು. ಹನ್ನೊಂದು ಉಳಿದುವು.

ಹದಿನಾರನೆಯ ರಾತ್ರಿ ಗಾಳಿಮಳೆಗೆ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಒಂಬತ್ತು ಗಂಟೆಗಳ ಕಾಲ ಬರಲಿಲ್ಲ. ಬಾಟಲಿಗಳಲ್ಲಿ ಬಿಸಿನೀರು ತುಂಬಿ ಪೆಟ್ಟಿಗೆಯೊಳಗಿಟ್ಟು, ಮೇಲೆ ಕಂಬಳಿ ಹೊದಿಸಿ, ಗಂಟೆಗೊಮ್ಮೆ ನೀರು ಬದಲಾಯಿಸುತ್ತ ಬೆಳಗು ಮಾಡಿದೆವು. ಗುಡುಗಿಗೆ ಮೊಟ್ಟೆ ಕೆಡುತ್ತದೆಂದು ಅತ್ತೆಯವರು ಪೆಟ್ಟಿಗೆಯೊಳಗೆ ಒಂದು ಕಬ್ಬಿಣದ ಮೊಳೆಯನ್ನೂ ಒಂದು ಇದ್ದಿಲನ್ನೂ ಇಟ್ಟರು. ಗುಡುಗಿನ ಸದ್ದಿಗೆ ಮೊಟ್ಟೆ ಕೆಡುವುದೆಂಬುದನ್ನು ನಾವು ನಂಬುವುದಿಲ್ಲ. ಆದರೆ ಗುಡುಗುವ ದಿನಗಳಲ್ಲೇ ಸೆಕೆ ಏರುವುದೂ, ಕೋಳಿ ಬೆದರಿ ಏಳುವುದೂ, ಈಗಿನ ಕಾಲದಲ್ಲಿ ಕರೆಂಟು ಹೋಗುವುದೂ ನಡೆಯುತ್ತವೆಯಾದ್ದರಿಂದ ಆ ನಂಬಿಕೆ ಹುಟ್ಟಿದ್ದಿರಬಹುದು. ಮೊಳೆಯನ್ನು ತೆಗೆಯಲು ಮಾತ್ರ ನಮಗೆ ಧೈರ್ಯ ಬರಲಿಲ್ಲ.

ಇಪ್ಪತ್ತೊಂದನೆಯ ದಿನ ಎರಡೇ ಮೊಟ್ಟೆಗಳು ಬಿರಿದುವು. ಒಂದು ಮರಿ ತಾನೇ ಹೊರಬಂದಿತು. ಇನ್ನೊಂದು ಕಿಂಡಿ ಮಾಡಿ ಆರು ಗಂಟೆಗಳಾದರೂ ಹಾಗೆಯೇ ಇದ್ದುದನ್ನು ಕಂಡು, ಕರುಣೆಯಿಂದ ಚಿಪ್ಪನ್ನು ಸುಲಿದೆವು. ಪೊರೆಯಿಂದ ರಕ್ತ ಒಸರಿತು. ಸಂಜೆಯೊಳಗೆ ಮರಿ ಸತ್ತಿತು. ಕಿಂಡಿಯಾದ ಮೇಲೆ ಮರಿ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ಸುಮ್ಮನಿರುವುದು ಸಹಜವೆಂದೂ, ಆ ಹೊತ್ತಿನಲ್ಲಿ ಅದು ಪೊರೆಯ ರಕ್ತವನ್ನು ಮೈಯೊಳಕ್ಕೂ, ಉಳಿದ ಹಳದಿಯನ್ನು ಹೊಟ್ಟೆಯೊಳಕ್ಕೂ ಎಳೆದುಕೊಳ್ಳುತ್ತಿರುತ್ತದೆಂದೂ ಆಮೇಲೆ ತಿಳಿಯಿತು. ನಮ್ಮ ಕರುಣೆಯೇ ಅದನ್ನು ಕೊಂದಿತು. ಉಳಿದ ಒಂಬತ್ತನ್ನು ಮೂರು ದಿನ ಕಾದು ಒಡೆದು ನೋಡಿದೆವು. ಗರಿ, ಉಗುರು, ಕೊಕ್ಕು ಎಲ್ಲ ಪೂರ್ಣವಾಗಿ ಬೆಳೆದ ಮರಿಗಳು. ಅಂಟು ನೀರಿನಲ್ಲಿ ಮುಳುಗಿ ಸತ್ತಿದ್ದುವು.

ಕರೆಂಟು ಹೋದದ್ದೇ ಕಾರಣವೆಂದು ಎಲ್ಲರೊಡನೆ ಹೇಳಿಕೊಂಡು ತಿರುಗಿದೆವು. ಪರಿಚಯದ ಪಶುವೈದ್ಯರೊಬ್ಬರು ಕೇಳಿದ ಪ್ರಶ್ನೆ ಬೇರೆಯಾಗಿತ್ತು: “ಪೆಟ್ಟಿಗೆಯೊಳಗೆ ಎಷ್ಟು ನೀರು ಇಟ್ಟಿದ್ದಿರಿ?” ಪುಸ್ತಕದಲ್ಲಿ ಹೇಳಿದಂತೆ ಅಗಲವಾದ ಬಟ್ಟಲಿನ ತುಂಬ ಮೊದಲ ದಿನದಿಂದ ಕೊನೆಯವರೆಗೂ ಇಟ್ಟಿದ್ದೆವು. ಅಲ್ಲಿಯೇ ತಪ್ಪಿತ್ತು. ಹದಿನೆಂಟು ದಿನಗಳಲ್ಲಿ ಮೊಟ್ಟೆ ತನ್ನ ತೂಕದಲ್ಲಿ ನೂರಕ್ಕೆ ಹನ್ನೆರಡು ಭಾಗದಷ್ಟು ನೀರನ್ನು ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ಕಳೆದುಕೊಳ್ಳಬೇಕು. ಆಗ ಗಾಳಿಯ ಕೋಣೆ ದೊಡ್ಡದಾಗುತ್ತದೆ. ಇಪ್ಪತ್ತನೆಯ ದಿನ ಮರಿ ಆ ಕೋಣೆಗೆ ಕೊಕ್ಕು ಚುಚ್ಚಿ ತನ್ನ ಮೊದಲ ಉಸಿರನ್ನು ಎಳೆಯುತ್ತದೆ. ಹೊರಗಿನ ಗಾಳಿ ತೇವದಿಂದ ಕೂಡಿದ್ದರೆ ನೀರು ಹೊರಹೋಗುವುದಿಲ್ಲ, ಕೋಣೆ ಚಿಕ್ಕದಾಗಿಯೇ ಉಳಿಯುತ್ತದೆ, ಮರಿ ಉಸಿರು ಸಿಗದೆ ಮುಳುಗುತ್ತದೆ. ಪೆರಿಕಲ್ಲೂರಿನಲ್ಲಿ ಲಕ್ಕಿಡಿಯ ಮಳೆ ಇಲ್ಲ, ವಯನಾಡಿನಲ್ಲಿ ಇದು ಒಣ ಸೀಮೆಯೇ. ಆದರೂ ಆಷಾಢದಲ್ಲಿ ಇಲ್ಲಿಯ ಗಾಳಿಯನ್ನು ಹಿಂಡಿದರೆ ನೀರು ಬರುತ್ತದೆ. ಒಣ ಹವೆಯ ಸೀಮೆಗೆಂದು ಬರೆದ ಪುಸ್ತಕವನ್ನು ಇಲ್ಲಿ ಅಕ್ಷರಶಃ ಅನುಸರಿಸಿದುದು ನಮ್ಮ ಮೌಢ್ಯ. ಮೊದಲ ಹದಿನೆಂಟು ದಿನ ತೇವಾಂಶ ನೂರಕ್ಕೆ ಐವತ್ತರ ಸುಮಾರು, ಕೊನೆಯ ಮೂರು ದಿನ ಮಾತ್ರ ಅರುವತ್ತೈದು ಎಪ್ಪತ್ತು ಇರಬೇಕು. ತೇವಮಾಪಕವಿಲ್ಲದವರಿಗೆ ಅಡಿಗೆಮನೆಯ ಸಣ್ಣ ತಕ್ಕಡಿಯೇ ಸಾಕು: 40 ಗ್ರಾಂ ತೂಗುವ ನಾಟಿ ಮೊಟ್ಟೆ ಹದಿನೆಂಟನೆಯ ದಿನ 35 ಗ್ರಾಮಿಗೆ ಇಳಿದಿದ್ದರೆ ಎಲ್ಲವೂ ಸರಿಯಿದೆ.

ಬದುಕಿದ ಆ ಒಂಟಿ ಮರಿ ಹುಂಜವಾಗಿ ಬೆಳೆಯಿತು. ಒಂಟಿಯಾಗಿ ಬೆಳೆದುದರಿಂದಲೋ ಏನೋ, ಮನುಷ್ಯರನ್ನೇ ತನ್ನ ಬಳಗವೆಂದು ತಿಳಿದು ಅಡಿಗೆಮನೆಯಲ್ಲಿ ಅತ್ತೆಯವರ ಸೀರೆಯ ಸೆರಗನ್ನು ಹಿಡಿದು ತಿರುಗುತ್ತಿತ್ತು.

ಎರಡನೆಯ ಸಲ ಕಾರ್ತಿಕದಲ್ಲಿ ಪ್ರಯತ್ನಿಸಿದೆವು. ನಾದಿನಿ ಒಂದು ವಾರದೊಳಗೆ ಇಟ್ಟ ಹನ್ನೊಂದು ಮೊಟ್ಟೆಗಳನ್ನಷ್ಟೇ ಆರಿಸಿ ಕಳುಹಿಸಿದಳು. ವಾರಕ್ಕಿಂತ ಹಳೆಯದಾದ ಮೊಟ್ಟೆಯಲ್ಲಿ ಜೀವ ದಿನದಿನಕ್ಕೂ ಕುಂದುತ್ತದೆ. ಈ ಬಾರಿ ನೆರೆಮನೆಯ ಚೇಚಿಯ ಬಳಿ ಕಾವಿಗೆ ಕೂತ ತಲಶ್ಶೇರಿ ತಳಿಯ ಕರಿಯ ಹೇಂಟೆಯೊಂದಿತ್ತು. “ಅಡಯಿರಿಕ್ಕುನ್ನುಂಡ್” ಎಂದು ಅವರು ಬೇಲಿಯ ಆಚೆಯಿಂದಲೇ ಕೂಗಿ ತಿಳಿಸಿದರು. ಮಲಯಾಳದಲ್ಲಿ ಕೋಳಿ ‘ಅಡ’ಗೆ ಕೂರುತ್ತದೆ, ನಾವು ಬಾಳೆಗೊನೆಯನ್ನು ‘ಅಡೆ’ ಹಾಕುತ್ತೇವೆ. ಎರಡರಲ್ಲಿಯೂ ಮುಚ್ಚಿಟ್ಟು ಶಾಖದಲ್ಲಿ ಹದಗೊಳಿಸುವ ಭಾವವಿದೆಯಲ್ಲವೆ! ಆ ಹೇಂಟೆಗೆ ಲಸಿಕೆಯಾಗಿತ್ತೆಂಬುದು ನಮಗೆ ಮುಖ್ಯವಾಗಿ ಕಂಡಿತು. ಹಗಲಿನಲ್ಲಿ ಸ್ಥಳ ಬದಲಿಸಿದರೆ ಕೋಳಿ ಎದ್ದುಹೋಗುತ್ತದೆ. ಕತ್ತಲಾದ ಮೇಲೆ ತಂದು, ಅಡಿಯಲ್ಲಿ ಬೂದಿ ಮತ್ತು ಬೇವಿನ ಸೊಪ್ಪು, ಮೇಲೆ ಹುಲ್ಲು ಹಾಸಿದ ಮಂಕರಿಯಲ್ಲಿ ಮೊಟ್ಟೆಗಳ ಮೇಲೆ ಕೂರಿಸಿದೆವು. ಅದು ಕೊರ್ರೆಂದು ಒಮ್ಮೆ ಗರಿ ಕೆದರಿ, ಹನ್ನೊಂದನ್ನೂ ಹೊಟ್ಟೆಯಡಿಗೆ ಎಳೆದುಕೊಂಡಿತು.

ಏಳನೆಯ ದಿನ ನೋಡಿದಾಗ ಎರಡು ಗೊಡ್ಡು, ಒಂಬತ್ತು ಜೀವಂತ. ಹನ್ನೆರಡನೆಯ ದಿನ ಆಚೆ ದಡದಿಂದ ನಾದಿನಿಯ ಫೋನು ಬಂದಿತು. “ಅತ್ತಿಗೆ, ಈ ಕಡೆ ಬರಬೇಡಿ. ಕೋಳಿಗಳೆಲ್ಲ ತೂಕಡಿಸ್ತಾ ಇವೆ. ಅದೇ ರೋಗ. ನಾನೂ ಬರಲ್ಲ, ಚಪ್ಪಲಿಗೆ ಅಂಟಿಕೊಂಡು ಬಂದುಬಿಡ್ತದೆ.” ನಾಲ್ಕು ದಿನಗಳಲ್ಲಿ ಅವಳ ಮೂರು ಹೇಂಟೆಗಳೂ ಹುಂಜವೂ ಸತ್ತುವು. ಅವಳು ಹೇಳಿದ್ದು ನಿಜ. ಈ ರೋಗದ ವಿಷ ಚಪ್ಪಲಿ, ಬಟ್ಟೆ, ಚೀಲ, ಬುಟ್ಟಿಗಳಲ್ಲಿ ಕುಳಿತು ಊರೂರು ತಿರುಗುತ್ತದೆ. ಸತ್ತ ಕೋಳಿಗಳನ್ನು ಹೊಳೆಗೆ ಎಸೆಯದೆ ಆಳವಾಗಿ ಹೂತು ಸುಣ್ಣ ಹಾಕಬೇಕು. ಅವಳು ಹಾಗೆಯೇ ಮಾಡಿದಳು.

ಅಂದಿನಿಂದ ಆ ಮಂಕರಿಯ ಮೊಟ್ಟೆಗಳು ಒಂಬತ್ತು ಮೊಟ್ಟೆಗಳಾಗಿ ಉಳಿಯಲಿಲ್ಲ. ಅತ್ತೆಯವರು ತವರಿನಿಂದ ತಂದುದರಲ್ಲಿ, ಸೆರಗು ಹಿಡಿದು ತಿರುಗುವ ಹುಂಜವೊಂದನ್ನು ಬಿಟ್ಟರೆ, ಭೂಮಿಯ ಮೇಲೆ ಉಳಿದುದು ಅಷ್ಟೆ. ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಆ ಕೋಣೆಯಲ್ಲಿ ಎಲ್ಲರೂ ಮೆಲ್ಲನೆ ನಡೆಯತೊಡಗಿದೆವು. ಅತ್ತೆಯವರು ತಮ್ಮ ಚಾಪೆಯನ್ನು ಅಲ್ಲಿಗೇ ತಂದು ಹಾಸಿಕೊಂಡರು.

ಹದಿನೇಳನೆಯ ದಿನ ನಸುಕಿನಲ್ಲಿ ಅವರೇ ಕೂಗಿದರು. ಹೇಂಟೆ ಮಂಕರಿಯಿಂದ ಎದ್ದು ಮೂಲೆಯಲ್ಲಿ ನಿಂತು ಮೈ ಕುಕ್ಕಿಕೊಳ್ಳುತ್ತಿತ್ತು. ಹುಲ್ಲಿನ ತುಂಬ ಕೆಂಪಿರುವೆ. ಮೊಟ್ಟೆಗಳು ಮುಟ್ಟಿದರೆ ತಣ್ಣಗಿದ್ದುವು. ಎಷ್ಟು ಹೊತ್ತಾಗಿತ್ತೋ ತಿಳಿಯದು. ಮಂಕರಿಯ ಸುತ್ತ ಬೂದಿಯ ಗೆರೆ ಎಳೆಯುವುದನ್ನು ಮರೆತಿದ್ದೆವು. ಕೋಳಿಯನ್ನು ಮತ್ತೆ ಕೂರಿಸಲು ಎರಡು ಸಲ ಪ್ರಯತ್ನಿಸಿದೆವು, ಕೂರಲಿಲ್ಲ. ಅಟ್ಟದ ಮೇಲಿದ್ದ ಥರ್ಮೊಕೋಲಿನ ಪೆಟ್ಟಿಗೆಯನ್ನು ಇಳಿಸಿ ಬಲ್ಬು ಹಚ್ಚಿದೆವು. ಪೆಟ್ಟಿಗೆ ಬಿಸಿಯಾಗುವವರೆಗೆ ಮೊಟ್ಟೆಗಳನ್ನು ಬಟ್ಟೆಯಲ್ಲಿ ಸುತ್ತಿ ಅತ್ತೆಯವರೇ ಮಡಿಲಲ್ಲಿಟ್ಟುಕೊಂಡು, ಒಂದೊಂದನ್ನೇ ತೆಗೆದು ಕಣ್ಣಿನ ರೆಪ್ಪೆಗೆ ತಾಗಿಸುತ್ತ, “ಇದಕ್ಕೆ ಇದೆ ಕಣಮ್ಮ, ಇದಕ್ಕೂ ಇದೆ” ಎನ್ನುತ್ತಿದ್ದರು. ಈಜಿಪ್ಟಿನವರ ಕತೆಯನ್ನು ನಾವು ಅವರಿಗೆ ಹೇಳಿರಲಿಲ್ಲ.

ವಾಚಕರು ಇಂಥ ಸಂದರ್ಭದಲ್ಲಿ ನಿರಾಶರಾಗಿ ಮೊಟ್ಟೆಗಳನ್ನು ಎಸೆದುಬಿಡಬಾರದು. ಕಾವಿಗೆ ಕೂತ ಹೇಂಟೆಯೂ ದಿನಕ್ಕೊಮ್ಮೆ ಕಾಳು, ನೀರು, ಧೂಳುಸ್ನಾನಗಳಿಗೆಂದು ಕಾಲುಗಂಟೆ ಏಳುತ್ತದೆ. ಬೆಳೆದ ಪಿಂಡ ತನ್ನದೇ ಆದ ಶಾಖವನ್ನು ಸ್ವಲ್ಪ ಹುಟ್ಟಿಸುತ್ತದೆ. ಕೆಲವು ಗಂಟೆಗಳ ತಂಪನ್ನು ತಾಳಿಕೊಳ್ಳುವುದುಂಟು. ಅಂದು ರಾತ್ರಿ ಟಾರ್ಚು ಹಿಡಿದಾಗ ಎಂಟರಲ್ಲಿ ಅಲುಗಾಟ ಕಂಡಿತು, ಒಂದು ನಿಶ್ಚಲವಾಗಿತ್ತು. ಗಾಳಿಯ ಕೋಣೆಗಳು ಈ ಸಲ ಅಗಲವಾಗಿದ್ದುವು.

ಹದಿನೆಂಟನೆಯ ದಿನದಿಂದ ಹೊರಳಿಸುವುದನ್ನು ನಿಲ್ಲಿಸಬೇಕು. ಆ ವೇಳೆಗೆ ಮರಿ ತಲೆಯನ್ನು ದಪ್ಪ ತುದಿಯ ಕಡೆಗೆ ತಂದು, ಕೊಕ್ಕನ್ನು ಗಾಳಿಯ ಕೋಣೆಯತ್ತ ಇಟ್ಟುಕೊಂಡಿರುತ್ತದೆ. ಒಳಗೆ ಒರಟು ಗೋಣಿಬಟ್ಟೆ ಹಾಸಿದೆವು. ಕಾಗದ ಹಾಸಿದರೆ ಹುಟ್ಟಿದ ಮರಿಯ ಕಾಲು ಜಾರಿ ಸೀಳಿಕೊಳ್ಳುತ್ತದೆ. ನೀರಿನಲ್ಲದ್ದಿದ ಬಟ್ಟೆಯನ್ನು ಒಂದು ಮೂಲೆಯಲ್ಲಿಟ್ಟು, ಇನ್ನು ಮುಚ್ಚಳ ತೆಗೆಯುವುದಿಲ್ಲವೆಂದು ಎಲ್ಲರೂ ಮಾತು ಕೊಟ್ಟೆವು.

ಇಪ್ಪತ್ತೊಂದನೆಯ ದಿನ ಕಳೆಯಿತು. ಏನೂ ಆಗಲಿಲ್ಲ. ತಣ್ಣಗಾದ ಮೊಟ್ಟೆ ತಡವಾಗಿ ಬಿರಿಯುವುದು ಸಹಜವೆಂದು ಗೊತ್ತಿದ್ದರೂ ಅಂದು ಅನ್ನ ಸೇರಲಿಲ್ಲ. ರಾತ್ರಿ ಹತ್ತರ ಸುಮಾರಿಗೆ ಪೆಟ್ಟಿಗೆಯೊಳಗಿಂದ ಬಹಳ ಸಣ್ಣಗೆ ಚಿಂವ್ ಎಂಬ ಧ್ವನಿ. ಚಿಪ್ಪಿನ ಒಳಗಿಂದಲೇ. ಅತ್ತೆಯವರು ಚಾಪೆಯಿಂದ ಎದ್ದು ಪೆಟ್ಟಿಗೆಗೆ ಬಾಯಿ ಹತ್ತಿರ ತಂದು, ಕಾವಿನ ಕೋಳಿ ಮರಿಗಳನ್ನು ಕರೆಯುವಂತೆ “ಕೊಕ್, ಕೊಕ್, ಕೊಕ್” ಎಂದು ನಾಲಿಗೆಯಿಂದ ಸದ್ದು ಮಾಡಿದರು. ಒಳಗಿಂದ ಉತ್ತರ ಬಂದಿತು. ಚಿಪ್ಪಿನೊಳಗಿರುವಾಗಲೇ ಮರಿ ಕೂಗುವುದೂ, ತಾಯಿಯ ದನಿಗೆ ಓಗೊಡುವುದೂ ವಿಜ್ಞಾನಿಗಳು ಒಪ್ಪಿರುವ ಸಂಗತಿ. ಬಲ್ಬು ಕರೆಯುತ್ತದೆಯೇ ಎಂದು ಅವರು ಕೇಳಿದ್ದಾಗ ನಾವು ನಗಬಾರದಿತ್ತು.

ಮರುದಿನ ಮಧ್ಯಾಹ್ನದೊಳಗೆ ಏಳು ಮರಿಗಳು ಹೊರಬಂದುವು. ಕೊಕ್ಕಿನ ತುದಿಯ ಬಿಳಿಯ ಮುಳ್ಳಿನಿಂದ ಕಿಂಡಿ ಕೊರೆದು, ಸ್ವಲ್ಪ ಸ್ವಲ್ಪವೇ ತಿರುಗುತ್ತ ಡಬ್ಬಿಯ ಮುಚ್ಚಳದಂತೆ ಚಿಪ್ಪನ್ನು ಸುತ್ತಲೂ ಕತ್ತರಿಸಿ, ಕಾಲಿನಿಂದ ಒದ್ದು ತಳ್ಳುವ ಆ ಕೆಲಸವನ್ನು ಮಕ್ಕಳಿಗೆ ತೋರಿಸಬೇಕು. ಮುಚ್ಚಳಕ್ಕೆ ಗಾಜಿನ ತುಂಡೊಂದನ್ನು ಕೂರಿಸಿದರೆ ಸಾಕು. ಎಂಟನೆಯದು ಕಿಂಡಿ ಮಾಡಿ ನಿಂತುಬಿಟ್ಟಿತು. ಕೈ ತುರಿಸಿತು, ಮುಟ್ಟಲಿಲ್ಲ. ಅದು ಹೊರಬರಲಿಲ್ಲ. ಮುಟ್ಟಿದ್ದರೆ ಬದುಕುತ್ತಿತ್ತೇ ಎಂಬ ಪ್ರಶ್ನೆ ಇಂದಿಗೂ ಬಿಟ್ಟಿಲ್ಲ.

ಮರಿ ಹುಟ್ಟಿದೊಡನೆ ಆಹಾರ ತುರುಕಬೇಕಾಗಿಲ್ಲ. ಹೊಟ್ಟೆಯೊಳಕ್ಕೆ ಎಳೆದುಕೊಂಡ ಹಳದಿ ಎರಡು ದಿನಗಳಿಗೆ ಸಾಕಾಗುತ್ತದೆ. ಅಮೆರಿಕದಲ್ಲಿ 1918ರಿಂದಲೂ ಒಂದು ದಿನದ ಮರಿಗಳನ್ನು ಅಂಚೆಯಲ್ಲಿ ಕಳುಹಿಸುತ್ತಿರುವುದು ಈ ಬಲದ ಮೇಲೆಯೇ. ಮೈ ಒಣಗಿದ ಮೇಲೆ ಮರಿಗಳನ್ನು ರಟ್ಟಿನ ಪೆಟ್ಟಿಗೆಗೆ ಸೇರಿಸಿ, ಮೇಲೆ ಬಲ್ಬು ತೂಗುಬಿಟ್ಟು ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿದೆವು. ಅಳತೆಗಿಂತ ಮರಿಗಳ ನಡತೆಯೇ ಲೇಸು: ಬಲ್ಬಿನಡಿ ಒತ್ತರಿಸಿದರೆ ಚಳಿ, ಅಂಚಿಗೆ ಓಡಿ ಬಾಯಿ ತೆರೆದರೆ ಸೆಕೆ. ಕಾಯಿಸಿ ಆರಿಸಿದ ನೀರು, ಅಕ್ಕಿನುಚ್ಚು, ಒಡೆದ ರಾಗಿ, ಅಂಗಡಿಯ ಮರಿ ಆಹಾರ, ಅತ್ತೆಯವರ ಕೈಯಿಂದ ಗೆದ್ದಲು.

ಏಳನೆಯ ದಿನ ಕಣ್ಣಿಗೆ ಒಂದೊಂದು ಹನಿ ಲಸಿಕೆ. ಈ ಸಲ ಸುತ್ತಲಿನ ಹತ್ತು ಮನೆಗಳವರನ್ನು ಮೊದಲೇ ಕೇಳಿ ಒಂದೇ ದಿನ ಗೊತ್ತುಪಡಿಸಿ, ಫ್ಲಾಸ್ಕಿನಲ್ಲಿ ಮಂಜುಗಡ್ಡೆಯಿಟ್ಟು ಮದ್ದು ತಂದೆವು. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕಾದ ಮದ್ದು ಅದು. ನೂರಕ್ಕೆ ಕೆಲವೇ ಹನಿಗಳು ಉಳಿದುವು. ಒಬ್ಬರ ಮನೆಯ ಹತ್ತೊಂಬತ್ತಕ್ಕೆ ದುಬಾರಿಯಾದುದು ಹತ್ತು ಮನೆಗೆ ಅಗ್ಗ. ಎರಡು ವರ್ಷಗಳ ಹಿಂದೆ ಈ ಬುದ್ಧಿ ಬಂದಿರಲಿಲ್ಲ.

ಇಲ್ಲಿಯ ಕಾಡಂಚಿನಲ್ಲಿ ಬೆಳಗಿನ ಹೊತ್ತು ಬೂದುಬಣ್ಣದ ಕಾಡುಹುಂಜ ಕೂಗುವುದು ಕೇಳಿಸುತ್ತದೆ. ನಮ್ಮ ಮರಿಗಳ ಕಾಲು ಹಳದಿಯಾಗುವುದನ್ನು ಕಂಡಾಗ ಅದರ ನೆನಪಾಗುತ್ತದೆ. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿಯೆಂಬುದು ಡಾರ್ವಿನ್ನನ ಕಾಲದಿಂದ ಬಂದ ಅಭಿಪ್ರಾಯ. ಆದರೆ ಚರ್ಮಕ್ಕೆ ಹಳದಿ ಕೊಡುವ ಗುಣ ಮಾತ್ರ ದಕ್ಷಿಣ ಭಾರತದ ಈ ಬೂದು ಕಾಡುಕೋಳಿಯಿಂದ ಬಂದಿರಬೇಕೆಂದು ಸ್ವೀಡನ್ನಿನ ಉಪ್ಸಾಲದ ವಿಜ್ಞಾನಿಗಳನ್ನು ಒಳಗೊಂಡ ತಂಡವೊಂದು 2008ರಲ್ಲಿ ತೋರಿಸಿತು. ಹಾಗೆಂದು ಕಾಡುಕೋಳಿಯ ಮೊಟ್ಟೆಯನ್ನು ತಂದು ಕಾವಿಗಿಡುವ ಸಾಹಸಕ್ಕೆ ಯಾರೂ ಹೋಗಬಾರದು. ಅದು ಕಾನೂನಿಗೆ ವಿರುದ್ಧ, ಮೇಲಾಗಿ ಆ ಮರಿಗಳು ಅಂಗಳದಲ್ಲಿ ನಿಲ್ಲುವುದೂ ಇಲ್ಲ.

ಏಳರಲ್ಲಿ ಒಂದನ್ನು ಮುಂಗುಸಿ ಒಯ್ದಿತು. ನಾಲ್ಕು ಹೇಂಟೆ, ಎರಡು ಹುಂಜ ಬೆಳೆದುವು. ಒಡಹುಟ್ಟಿದವುಗಳಲ್ಲೇ ಸಂತತಿ ಮುಂದುವರಿದರೆ ಬಲ ಕುಂದುವುದರಿಂದ, ಹಳೆಯ ಒಂಟಿ ಹುಂಜವನ್ನು ಇಲ್ಲಿಯೇ ಇಟ್ಟುಕೊಂಡೆವು. ನಾದಿನಿ ಗೂಡಿಗೆ ಎರಡು ಸಲ ಸುಣ್ಣ ಬಳಿದು ಮೂರು ತಿಂಗಳು ಬರಿದಾಗಿಟ್ಟಿದ್ದಳು. ಹೋದ ತಿಂಗಳು ಎರಡು ಹೇಂಟೆಗಳನ್ನೂ ಒಂದು ಹುಂಜವನ್ನೂ ಕುಕ್ಕೆಯಲ್ಲಿ ಕಟ್ಟಿ, ಅತ್ತೆಯವರನ್ನು ಕೈಹಿಡಿದು ದೋಣಿಗೆ ಹತ್ತಿಸಿ ಆಚೆಗೆ ಹೋದೆವು. ಕುಕ್ಕೆಯನ್ನು ಅವರು ಯಾರ ಕೈಗೂ ಕೊಡಲಿಲ್ಲ. ದಡದಲ್ಲಿ ನಿಂತಿದ್ದ ನಾದಿನಿ ಕುಕ್ಕೆಯ ಬಾಯನ್ನು ಸರಿಸಿ ಇಣುಕಿ ನೋಡಿ, “ಅವ್ವಾ, ಕತ್ತಿನ ಚುಕ್ಕೆ ಹಂಗೇ ಇದೆ” ಎಂದಳು.